ಹಲಗೆ ಮೇಲಿನ ಮೀನು

ನಮ್ಮೂರು ಬಿ.ಜಿ. ಕೆರೆ. ಹೆಸರಲ್ಲೇ ಕೆರೆ ಇದೆ. ಆದ್ರೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಮಳೆ ಗೊತ್ತಿರೋರಿಗೆ ಹೆಚ್ಚು ಹೇಳಬೇಕಿಲ್ಲ. ಕಳೆದ ಸಲ ಊರಿಗೆ ಹೋದಾಗ ಫೋನಲ್ಲಿ ಅಜ್ಜಿಗೆ ಒಂದು ಫೋಟೋ ತೋರಿಸ್ದೆ. ಮರದ ಹಲಗೆಗೆ ಕೂರಿಸಿದ ಒಂದು ಭಾರೀ ಮೀನು. ಅಜ್ಜಿ ಕೇಳಿದ್ದು ಇಷ್ಟೇ: "ತಿನ್ನಾಕಲ್ಲ ಅಂದ್ರೆ ಯಾಕಪ್ಪಾ ಹಿಡುದ್ರು?"

ಆ ಪ್ರಶ್ನೆ ಹಿಡಿದು ಹೊರಟರೆ ಮೈಸೂರಿಗೆ ಬಂದು ನಿಲ್ಲಬೇಕು. 1900ರ ಸುಮಾರಿಗೆ ಯೂಜೀನ್ ವ್ಯಾನ್ ಇಂಗೆನ್ ಅಲ್ಲಿ ಶುರು ಮಾಡಿದ ಟ್ಯಾಕ್ಸಿಡರ್ಮಿ ಕಾರ್ಖಾನೆಗೆ ರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಹುಲಿ, ಚಿರತೆಗಳ ಚರ್ಮ ಸಾವಿರಾರು ಸಂಖ್ಯೆಯಲ್ಲಿ ಬರ್ತಿತ್ತು. ಅದಕ್ಕೆ ಮತ್ತೆ ಜೀವಂತ ರೂಪ ಕೊಡ್ತಿದ್ದದ್ದು ಮೈಸೂರಿನ ಕೆಲಸಗಾರರು. ಯೂಜೀನ್ ತನ್ನ ಮಕ್ಕಳಿಗೆ ಬೋಯರ್ ಸೇನಾನಿಗಳ ಹೆಸರಿಟ್ಟಿದ್ದ. ಅವರಲ್ಲೊಬ್ಬ ಡಿ ವೆಟ್. 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಈತ ಎಳೆದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತು. ಮಹಶೀರ್ ದಾಖಲೆ ಅಂದರೆ ಇವತ್ತಿಗೂ ಇದನ್ನೇ ಹೇಳ್ತಾರೆ.

ಮೀನನ್ನು ಕೂರಿಸೋದು ಹುಲಿಗಿಂತ ಕಷ್ಟ. ಗೋಡೆ ಕಡೆಗೆ ಬರೋ ಮಗ್ಗುಲನ್ನು ಸೀಳಿ ಚರ್ಮ ಬಿಡಿಸಬೇಕು, ರೆಕ್ಕೆ ಹರೀಬಾರದು, ಹುರುಪೆ ಉದುರಬಾರದು. ಒಳಗಿನ ಮಾಂಸ, ಕೊಬ್ಬು ಕೆರೆದು, ಹುಳ ಹಿಡೀದ ಹಾಗೆ ಔಷಧಿ ಸವರಿ, ಮೈಯ ಅಳತೆಗೆ ಕೆತ್ತಿದ ಅಚ್ಚಿನ ಮೇಲೆ ಹೊದಿಸಿ ಹೊಲೀತಾರೆ. ಗಾಜಿನ ಕಣ್ಣು ಇಡ್ತಾರೆ. ಒಣಗೋ ಹೊತ್ತಿಗೆ ಚರ್ಮದ ಬಣ್ಣವೆಲ್ಲ ಹೋಗಿರುತ್ತೆ. ಆಮೇಲೆ ಕುಂಚ ಹಿಡಿದು ಬಣ್ಣ ಬಳಿಯಬೇಕು. ನಾವು ಗೋಡೆ ಮೇಲೆ ನೋಡೋ ಹೊಳಪು ಮೀನಿನದ್ದಲ್ಲ, ಪೇಂಟರ್‌ದು.

ವಿಚಿತ್ರ ಏನು ಗೊತ್ತಾ? ಕಾವೇರಿ ಸೀಮೆಯ ಈ ಡುಬ್ಬದ ಮಹಶೀರ್ ಬಗ್ಗೆ ಎಚ್.ಎಸ್. ಥಾಮಸ್ ಎಂಬ ಅಧಿಕಾರಿ 1873ರಲ್ಲೇ ಪುಸ್ತಕದಲ್ಲಿ ಬರೆದಿದ್ದ. ಗಾಳದವರು ಹಿಡಿದ್ರು, ತೂಗಿದ್ರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ್ರು. ಆದ್ರೆ ಇದು ಯಾವ ಪ್ರಭೇದ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದು 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಇಟ್ಟಿದ್ದ 'ಟಾರ್ ರೆಮಾದೇವಿ' ಅನ್ನೋ ಹೆಸರೇ ಇದಕ್ಕೂ ಸಲ್ಲುತ್ತೆ ಅಂತ ಆಗ ಗೊತ್ತಾಯ್ತು. ಹೆಸರು ಸಿಕ್ಕ ವರ್ಷವೇ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಡೈನಮೈಟ್, ಮರಳು ದಂಧೆ ಒಂದು ಕಡೆ. ಒಳ್ಳೇದಾಗಲಿ ಅಂತಲೇ ಹೊರಗಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಮರಿಗಳು ಇನ್ನೊಂದು ಕಡೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮೈಸೂರಿನ ಕಾರ್ಖಾನೆಗೆ ಕೆಲಸ ಕಮ್ಮಿಯಾಗಿ, ಕೊನೆಗೆ ಬಾಗಿಲು ಹಾಕ್ತು. ಈಗ ಹೊರದೇಶಗಳಲ್ಲಿ ಮೀನಿನ ಅಳತೆ, ಫೋಟೋ ತಗೊಂಡು ನೀರಿಗೇ ಬಿಟ್ಟು, ಫೈಬರ್‌ಗ್ಲಾಸ್‌ನಲ್ಲಿ ನಕಲು ಮಾಡಿಸ್ಕೊಳ್ತಾರೆ. ಈ ಬುದ್ಧಿ ಸ್ವಲ್ಪ ಮುಂಚೆ ಬಂದಿದ್ರೆ ಅನ್ನಿಸುತ್ತೆ.

"ನೆನಪಿಗೆ ಅಂತ ಹಿಡುದ್ರಂತೆ ಅಜ್ಜಿ" ಅಂದೆ.

"ಹೊಳ್ಯಾಗೆ ಈಗ ಅದಾವಾ?"

"ಕಾಡಿನೊಳಗಿನ ಮೋಯಾರ್ ಹೊಳೇಲಿ ಒಂದಿಷ್ಟು ಉಳಿದಾವಂತೆ."

"ಅವನ್ನಾದ್ರೂ ಬಿಡ್ರಪ್ಪಾ" ಅಂತ ಅಜ್ಜಿ ಫೋನ್ ವಾಪಸ್ ಕೊಟ್ಟಳು.