ಪ್ರೋಟಾನ್ ಕೊಳವೆಯ ಒಳಕವಚ

ನಿಮ್ಮ ಮುಂದಿರುವುದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಲಾರ್ಜ್ ಹೇಡ್ರಾನ್ ಕೊಲೈಡರ್‌ನ ‘ಬೀಮ್ ಸ್ಕ್ರೀನ್’. 2008ರಲ್ಲಿ ಚಾಲನೆಗೊಂಡ, 27 ಕಿಲೋಮೀಟರ್ ಸುತ್ತಳತೆಯ ಈ ಯಂತ್ರದಲ್ಲಿ ಪ್ರೋಟಾನ್ ಪುಂಜ ಹಾಯುವ ಕೊಳವೆಯ ಒಳಕವಚವಿದು. ಇದನ್ನು ಬರೀ ಹೊದಿಕೆಯೆಂದು ಕಾಣುವುದು ತಪ್ಪು. ಪುಂಜವನ್ನು ಬಾಗಿಸುವ ಆಯಸ್ಕಾಂತಗಳಷ್ಟೇ ಇದೂ ದುಡಿಯುತ್ತದೆ.

ನಿರ್ವಾತದ ನಟ್ಟನಡುವೆ ಸಾಗುವ ಪುಂಜ ಗೋಡೆಯನ್ನು ಮುಟ್ಟುವುದೇ ಇಲ್ಲವಲ್ಲ, ಗೋಡೆಗೇಕೆ ಇಷ್ಟು ಮಹತ್ವ ಎಂದು ಕೇಳಬಹುದು. ಪುಂಜ ಮುಟ್ಟದಿದ್ದರೂ ಅದರ ವಿದ್ಯುತ್ ಕ್ಷೇತ್ರ ಮುಟ್ಟುತ್ತದೆ. ಪುಂಜದ ಜೊತೆಜೊತೆಗೇ ಲೋಹದಲ್ಲೂ ವಿದ್ಯುತ್ ಹರಿದು ಶಾಖ ಹುಟ್ಟುತ್ತದೆ. ಬಾಗುವ ಪುಂಜ ಸೂಸುವ ಬೆಳಕು ಗೋಡೆಯಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತೆಬ್ಬಿಸುತ್ತದೆ. ಅವು ಮತ್ತಷ್ಟನ್ನು ಎಬ್ಬಿಸಿ, ಪುಂಜವನ್ನೇ ಅಲುಗಿಸುವ ಎಲೆಕ್ಟ್ರಾನ್ ಮೋಡ ಕವಿಯುತ್ತದೆ. ಹೀಗೆಲ್ಲ ಹುಟ್ಟುವ ಶಾಖವು 1.9 ಕೆಲ್ವಿನ್‌ನ ಆಯಸ್ಕಾಂತಗಳನ್ನು ತಲುಪದಂತೆ, 5ರಿಂದ 20 ಕೆಲ್ವಿನ್‌ನಲ್ಲಿರುವ ಕವಚ ತಡೆಯುತ್ತದೆ. ಹಾಗಾದರೆ ವಿದ್ಯುತ್ತನ್ನು ಸಲೀಸಾಗಿ ಹರಿಸುವ ತಾಮ್ರವೊಂದೇ ಸಾಲದೇ? ಸಾಲದು. ಆಯಸ್ಕಾಂತ ಹಠಾತ್ತನೆ ಅತಿವಾಹಕತೆ ಕಳೆದುಕೊಂಡರೆ ದಪ್ಪ ತಾಮ್ರದಲ್ಲಿ ಏಳುವ ಸುಳಿವಿದ್ಯುತ್ತಿನ ಬಲ ಕವಚದ ಆಕಾರವನ್ನೇ ಕೆಡಿಸಬಲ್ಲದು. ಅದಕ್ಕೇ ಗಟ್ಟಿತನಕ್ಕೆ ಸ್ಟೇನ್‌ಲೆಸ್ ಸ್ಟೀಲ್, ಒಳಮೈಗೆ ಕೇವಲ 75 ಮೈಕ್ರಾನ್ ತಾಮ್ರ. ವೇಗವರ್ಧಕ ಎಂಜಿನಿಯರಿಂಗ್‌ನ ಅತ್ಯಂತ ಸೊಗಸಾದ ಹೊಂದಾಣಿಕೆಗಳಲ್ಲಿ ಇದೂ ಒಂದು.

ಸೀಳುಗಂಡಿಗಳ ಸಾಲನ್ನು ಹತ್ತಿರದಿಂದ ನೋಡಿ. ಒಳಗುಳಿದ ಅನಿಲ ಇವುಗಳಿಂದ ಹೊರಬಿದ್ದು ಆಚೆಯ ತಣ್ಣನೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಗಂಡಿಗಳ ಉದ್ದ ಒಂದೇ ಸಮನಾಗಿಲ್ಲ. ಎಲ್ಲವೂ ಸಮನಾಗಿದ್ದರೆ ಪುಂಜ ಹುಟ್ಟಿಸುವ ವಿದ್ಯುತ್ಕಾಂತ ಅಲೆಗಳು ಅನುರಣಿಸಿ ಬಲಗೊಳ್ಳುತ್ತಿದ್ದವು. ಆದ್ದರಿಂದ ಉದ್ದೇಶಪೂರ್ವಕವಾಗಿಯೇ ಅವನ್ನು ಏರುಪೇರಾಗಿ ಕೊರೆಯಲಾಗಿದೆ.