ಮೆಣಸಿನಕಾಯಿ ಬರುವ ಮುಂಚಿನ ಸಾರು

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನೆಂಬುದನ್ನು ನನ್ನ ಬಳಿ ಓದಿದ ಮಕ್ಕಳೆಲ್ಲರೂ ಬಾಯಿಪಾಠ ಮಾಡಿದ್ದರು. ಪಾಠ ಮುಗಿದ ಮೇಲೆ ನಾನು ಪರೀಕ್ಷೆಗೆ ಬಾರದ ಪ್ರಶ್ನೆಯೊಂದನ್ನು ಕೇಳುತ್ತಿದ್ದೆ: "ಅವನು ಬರುವುದಕ್ಕೆ ಮೊದಲು ನಿಮ್ಮ ಮನೆಯ ಸಾರಿಗೆ ಖಾರ ಎಲ್ಲಿಂದ ಬರುತ್ತಿತ್ತು?" ತರಗತಿಯಲ್ಲಿ ಮೌನ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಕರಾವಳಿಗೆ ಇಳಿದದ್ದು ಎಂದರೆ ಹುಡುಗರು ನಗುತ್ತಿದ್ದರು. ಬ್ಯಾಡಗಿ ಕಡೆಯ ಹುಡುಗನೊಬ್ಬನಿಗಂತೂ ಅದು ಅವಮಾನದಂತೆಯೇ ತೋರಿತ್ತು.

ಈ ಮಾತಿಗೆ ಸಾಕ್ಷಿ ಹುಡುಕಲು ಬಹಳ ದೂರ ಹೋಗಬೇಕಿಲ್ಲ, ನಮ್ಮ ನುಡಿಯಲ್ಲಿಯೇ ಇದೆ. 'ಮೆಣಸು' ಎಂಬುದು ಬಳ್ಳಿಯಲ್ಲಿ ಬಿಡುವ ಕಾಳಿಗೆ ನಮ್ಮವರಿಟ್ಟ ಹಳೆಯ ಹೆಸರು. ಹೊಸದಾಗಿ ಬಂದ ಖಾರದ ಕಾಯಿಗೆ ಬೇರೆ ಹೆಸರು ಹುಡುಕದೆ ಜನರು ಅದನ್ನು ಮೆಣಸಿನ ಕಾಯಿ ಎಂದು ಕರೆದರು. ಕ್ರಮೇಣ ಬಂದವನೇ ಮನೆಯ ಯಜಮಾನನಾದ. ಕರಾವಳಿಯಲ್ಲಿ ಇಂದು ಬರಿದೆ ಮೆಣಸು ಎಂದರೆ ಕೆಂಪು ಮೆಣಸಿನಕಾಯಿಯೇ. ಮೂಲದ ಮೆಣಸು ತನ್ನನ್ನು ಗುರುತಿಸಿಕೊಳ್ಳಲು 'ಒಳ್ಳೆಮೆಣಸು' ಆಗಬೇಕಾಯಿತು. ಬೇರೆ ಕಡೆಗಳಲ್ಲಿ ಅದು ಕರಿಮೆಣಸು, ಕಾಳುಮೆಣಸು. ಹಳಬನಿಗೆ ವಿಶೇಷಣ ಅಂಟಿಕೊಳ್ಳುವುದು ಹೊಸಬ ಗೆದ್ದ ಮೇಲೆಯೇ ಅಲ್ಲವೆ?

ಗ್ರಂಥಗಳ ಸಾಕ್ಷಿಯೂ ಇದೆ. ಚಾಳುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ವಿಚಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯೊಡನೆ ಕಲಸಿ ಮಾಡುವ ಇಡ್ಡಲಿಗೆಯ ಪ್ರಸ್ತಾಪವಿದೆ. ಅದಕ್ಕೆ ಸೇರುವುದು ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು. ಅಕ್ಕಿಯ ಮಾತೇ ಇಲ್ಲ! ಸುಮಾರು 1508ರ ಹೊತ್ತಿಗೆ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದ. ಬದನೆಕಾಯಿಯ ಪಾಕಗಳನ್ನು ಅವನು ಬಲು ಆಸಕ್ತಿಯಿಂದ ವಿವರಿಸುತ್ತಾನೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಂದರೆ ಆ ಕೃತಿ ನಮ್ಮ ಅಡುಗೆಮನೆಗೆ ಮೆಣಸಿನಕಾಯಿ ಪ್ರವೇಶಿಸುವ ಹೊಸ್ತಿಲಲ್ಲಿ ನಿಂತಿದೆ. ಇಂದು ಬದನೆಕಾಯಿ ಎಣ್ಣೆಗಾಯಿ ಮಾಡುವ ಗೃಹಿಣಿಗೆ ಮೆಣಸಿನಕಾಯಿ ಇಲ್ಲದ ಬದನೆಕಾಯಿಯನ್ನು ಊಹಿಸುವುದೂ ಕಷ್ಟ.

ಇವರೆಲ್ಲ ಅರಮನೆ, ಆಸ್ಥಾನಗಳ ಬಳಕೆಯುಳ್ಳ ಗಂಡಸರು. ದಿನವೂ ಒಲೆಯ ಮುಂದೆ ಕುಳಿತವಳು ಏನನ್ನೂ ಬರೆಯಲಿಲ್ಲ. ಮೆಣಸನ್ನು ಬಿಟ್ಟು ಮೆಣಸಿನಕಾಯಿಯನ್ನು ಮೊದಲು ಸಾರಿಗೆ ಹಾಕಿದವಳು ಯಾರು, ಆ ದಿನ ಮನೆಯವರು ಏನೆಂದರು, ಇದಕ್ಕೆ ಶಾಸನವಿಲ್ಲ. ಆದರೆ ಅವಳೇಕೆ ಹಾಗೆ ಮಾಡಿದಳೆಂಬುದನ್ನು ಊಹಿಸಬಹುದು. ಮೆಣಸು ಮಲೆನಾಡಿನ ನೆರಳು, ಮಳೆ, ಆಸರೆಮರ ಎಲ್ಲವನ್ನೂ ಬೇಡುವ ಬಳ್ಳಿ. ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಮೇಲಾಗಿ ಅದು ರಾಜರ ಸಂಪತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮೆಣಸಿನಕಾಯಿಯಾದರೋ ಬಯಲುಸೀಮೆಯ ಹಿತ್ತಿಲಲ್ಲಿ, ಪಾತ್ರೆ ತೊಳೆದ ನೀರಿನಲ್ಲಿ, ಕೆಲವೇ ತಿಂಗಳಲ್ಲಿ ಕಾಯಿ ಬಿಡುತ್ತದೆ. ಒಣಗಿಸಿದರೆ ವರ್ಷವಿಡೀ ಉಳಿಯುತ್ತದೆ. ರಾಗಿ ಮುದ್ದೆಗೆ ಸೊಪ್ಪಿನ ಸಾರು ಕಾಯಿಸುವ ಬಡವನ ಮನೆಗೆ ಖಾರ ಕಾಸಿಲ್ಲದೆ ಬಂದದ್ದು ಆಗಲೇ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಜೊತೆಗೆ ಮೆಣಸಿನಕಾಯಿಯ ಬೇಸಾಯವನ್ನೂ ಗುರುತಿಸಿದ್ದಾನೆ. ಮುನ್ನೂರು ವರ್ಷಗಳಲ್ಲಿ ಅದು ಪರದೇಶಿಯೆಂಬುದೇ ಮರೆತುಹೋಗಿತ್ತು. ಆಲೂಗಡ್ಡೆ, ಟೊಮೆಟೊಗಳ ಕಥೆಯೂ ಹೀಗೆಯೇ. ಅವು ಇನ್ನೂ ಈಚಿನವು.

ಹಾಗಾದರೆ ಹಳೆಯ ಅಡುಗೆ ಅಳಿದುಹೋಯಿತೇ? ಇಲ್ಲ. ಅದು ಉಳಿದುಕೊಂಡ ಸ್ಥಳಗಳನ್ನು ಗಮನಿಸಿದಾಗ ನನಗೆ ಆಶ್ಚರ್ಯವಾಗುತ್ತದೆ. ಬಾಣಂತಿಯ ಊಟದಲ್ಲಿ ಮೆಣಸು, ಜೀರಿಗೆ, ಬೆಳ್ಳುಳ್ಳಿ, ತುಪ್ಪ. ಜ್ವರ ಬಿಟ್ಟವನ ಬಾಯಿಗೆ ಮೆಣಸಿನ ಸಾರು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ತಿಥಿಯ ದಿನ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕೋಸು ಒಲೆಯ ಹತ್ತಿರ ಸುಳಿಯುವಂತಿಲ್ಲ. ಅಂದಿನ ಖಾರವೆಲ್ಲ ಮೆಣಸಿನದೇ. ಹುಟ್ಟು, ಕಾಯಿಲೆ, ಸಾವು, ಈ ಮೂರು ಕಡೆ ಮನೆಯವರು ಹೊಸತನ್ನು ನಂಬಲಿಲ್ಲ. ಪುರೋಹಿತರು ಇದಕ್ಕೆ ಶಾಸ್ತ್ರದ ಕಾರಣ ಕೊಡುತ್ತಾರೆ, ವೈದ್ಯರು ಗುಣದ ಕಾರಣ ಕೊಡುತ್ತಾರೆ. ಇತಿಹಾಸದ ಮೇಷ್ಟರಾದ ನನಗೆ ಕಾಣುವುದು ಐನೂರು ವರ್ಷ ಹಿಂದಿನ ಒಂದು ಅಡುಗೆಮನೆ. ಅಜ್ಜಿಗೆ ಎಡೆ ಇಡುವಾಗ ಅವಳ ಅಜ್ಜಿಯ ಅಜ್ಜಿ ಉಂಡ ರುಚಿಯನ್ನೇ ಇಡುತ್ತಿದ್ದೇವೆ.

ನಮ್ಮ ತಾಯಿ ಮಾಡುತ್ತಿದ್ದ ಮೆಣಸಿನ ಸಾರನ್ನು ಇಲ್ಲಿ ಬರೆದಿಡುತ್ತೇನೆ. ನಾಲ್ಕು ಜನಕ್ಕೆ ಒಂದು ದೊಡ್ಡ ಹಿಡಿ ತೊಗರಿಬೇಳೆ. ಅದನ್ನು ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಮೆತ್ತಗೆ ಬೇಯಿಸಬೇಕು. ಬೇಳೆ ಪೂರ್ತಿ ಬೇಯುವ ತನಕ ಹುಣಸೆರಸ ಹಾಕಬಾರದು. ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ, ಎಷ್ಟು ಸೌದೆ ಉರಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಒಂದು ಸಣ್ಣ ಚಮಚ ಮೆಣಸನ್ನು ಸ್ವಲ್ಪ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಎನ್ನುವವರೆಗೆ ಹುರಿದು, ಬಾಣಲೆಯನ್ನು ಕೆಳಗಿಳಿಸಿ, ಆ ಬಿಸಿಯಲ್ಲಿಯೇ ಅಷ್ಟೇ ಜೀರಿಗೆಯನ್ನು ಹಾಕಬೇಕು. ಜೀರಿಗೆಯನ್ನು ಉರಿಯ ಮೇಲೆ ಮೆಣಸಿನಷ್ಟು ಹೊತ್ತು ಹುರಿದರೆ ಕರಿದು ಕಹಿಯಾಗುತ್ತದೆ. ಇವೆರಡನ್ನೂ ತರಿತರಿಯಾಗಿ ಕುಟ್ಟಬೇಕು, ಹಿಟ್ಟು ಮಾಡಬಾರದು. ಬೆಂದ ಬೇಳೆಗೆ ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ, ಉಪ್ಪು, ಅಡಿಕೆಯಷ್ಟು ಬೆಲ್ಲ, ನೀರು ಸೇರಿಸಿ, ಹುಳಿಯ ಹಸಿವಾಸನೆ ಹೋಗುವವರೆಗೆ ಕುದಿಸಬೇಕು. ಪುಡಿ ಹಾಕಿದ ಮೇಲೆ ಮಾತ್ರ ನೊರೆ ಎದ್ದ ಕೂಡಲೇ ಇಳಿಸಬೇಕು. ಮೆಣಸಿನ ಘಮ ಕುದಿಯಲ್ಲಿ ಹಾರಿಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ತಕ್ಷಣ ತಟ್ಟೆ ಮುಚ್ಚಬೇಕು. ಈಗಿನವರು ಇದಕ್ಕೆ ಟೊಮೆಟೊ ಹಿಂಡುತ್ತಾರೆ. ತಪ್ಪೇನಿಲ್ಲ, ಆದರೆ ಅದು ಬೇರೆ ಸಾರು.

ಇಷ್ಟನ್ನೂ ತಾಯಿ ಬರೆಯಲಿಲ್ಲ. ಅವರ ಕೊನೆಯ ವರ್ಷಗಳಲ್ಲಿ ನನ್ನ ತಂಗಿ ಪಕ್ಕದಲ್ಲಿ ಕುಳಿತು, ಅವರು ಹೇಳಿದಂತೆ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಇಪ್ಪತ್ತೆಂಟು ಪುಟ ತುಂಬುವಷ್ಟರಲ್ಲಿ ಅವರು ತೀರಿಕೊಂಡರು. ಗೊಜ್ಜುಗಳ ಬಾಬತ್ತು ಅರ್ಧಕ್ಕೆ ನಿಂತಿದೆ, ಹಪ್ಪಳದ ಹದ ಅವರೊಡನೆಯೇ ಹೋಯಿತು. ಆ ಇಪ್ಪತ್ತೆಂಟು ಪುಟಗಳಲ್ಲಿ ಎಲ್ಲಿಯೂ ಗ್ರಾಂ ಇಲ್ಲ. ಪಾವು ಎರಡೋ ಮೂರೋ ಕಡೆ ಬರುತ್ತದೆ. ಉಳಿದದ್ದೆಲ್ಲ ಹಿಡಿ, ಚಿಟಿಕೆ, ನಿಂಬೆಹಣ್ಣಿನ ಗಾತ್ರ, ಗೋಲಿ ಗಾತ್ರ, "ಘಂ ಎನ್ನುವ ತನಕ", "ಬೆರಳಿಗೆ ಅಂಟದ ಹಾಗೆ". ಸರ್ಕಾರವು 1956ರಲ್ಲಿ ಕಾನೂನು ಮಾಡಿ ದೇಶಕ್ಕೆಲ್ಲ ಮೆಟ್ರಿಕ್ ಅಳತೆಯನ್ನು ತಂದಿತು. ನಾನು ತರಗತಿಯಲ್ಲಿ ಅದನ್ನು ಹೊಗಳಿ ಪಾಠ ಮಾಡಿದವನು. ನಮ್ಮ ಅಡುಗೆಮನೆಗೆ ಮಾತ್ರ ಆ ಕಾನೂನು ಬರಲೇ ಇಲ್ಲ.

ತಂಗಿಯ ಮಗಳು ಹೊರದೇಶದಲ್ಲಿದ್ದಾಳೆ. ಬಾಣಂತನಕ್ಕೆ ಇಲ್ಲಿಂದ ಯಾರೂ ಹೋಗಲು ಆಗಲಿಲ್ಲ. ನೋಟುಬುಕ್ಕಿನ ಪುಟಗಳ ಚಿತ್ರಗಳನ್ನು ಕಳುಹಿಸಿದೆವು. ಮಾರನೆಯ ದಿನ ಫೋನು ಬಂತು: "ಸೋದರಮಾವ, ನೆಲ್ಲಿಕಾಯಿ ಗಾತ್ರ ಅಂದರೆ ಎಷ್ಟು? ಇಲ್ಲಿ ಭಾರತದ ಅಂಗಡಿಯಲ್ಲಿ ಸಿಗುವ ನೆಲ್ಲಿಕಾಯಿ ನಿಂಬೆಹಣ್ಣಿನಷ್ಟೇ ಇದೆ, ಅಷ್ಟು ಹುಣಸೆ ಹಾಕಿದೆ, ಬಾಯಿಗಿಡಲಾಗಲಿಲ್ಲ." ಅವಳ ದೂರು ನ್ಯಾಯವಾದದ್ದೇ. ತಾಯಿ ಹೇಳಿದ್ದು ಗುಡ್ಡದಿಂದ ಆರಿಸಿ ತರುತ್ತಿದ್ದ ಕಾಡು ನೆಲ್ಲಿಕಾಯಿ. ಅದು ದೊಡ್ಡ ಗೋಲಿಯಷ್ಟಿರುತ್ತದೆ. ಈಗ ಪೇಟೆಯಲ್ಲಿ ಮಾರುವುದು ತೋಟದಲ್ಲಿ ಬೆಳೆದ ದಪ್ಪ ತಳಿ. ಅಳತೆಗೋಲೇ ಊದಿಕೊಂಡಿದೆ. ಆದುದರಿಂದ ಮೇಲಿನ ಸಾರನ್ನು ಮಾಡುವವರು ಹುಣಸೆಯನ್ನು ಬೆಟ್ಟದ ನೆಲ್ಲಿಯ ಲೆಕ್ಕಕ್ಕೇ ತೆಗೆದುಕೊಳ್ಳಬೇಕು. ಹುಳಿ ಸಾಲದೆ ಹೋದರೆ ಬಡಿಸುವಾಗ ಒಂದೆರಡು ಹನಿ ನಿಂಬೆರಸ ಹಿಂಡಿಕೊಳ್ಳಬಹುದು.