ಹೆಸರಿಡದ ಯುದ್ಧದ ಲೆಕ್ಕ

ನಡೆದದ್ದು ಯುದ್ಧ ಹೌದೋ ಅಲ್ಲವೋ ಎಂದು ತಿಳಿಯಲು ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗವೊಂದು ಚರಿತ್ರೆಯಲ್ಲಿದೆ. 1798ರಿಂದ 1800ರವರೆಗೆ ಅಮೆರಿಕ ಮತ್ತು ಫ್ರಾನ್ಸ್ ಸಮುದ್ರದ ಮೇಲೆ ಹೊಡೆದಾಡಿದವು. ಇಬ್ಬರೂ ಯುದ್ಧ ಸಾರಲಿಲ್ಲ. ಚರಿತ್ರಕಾರರು ಅದಕ್ಕೆ ‘ಅರೆಯುದ್ಧ’ ಎಂಬರ್ಥದ ಹೆಸರಿಟ್ಟಿದ್ದಾರೆ. ಆ ಹೆಸರನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಅರೆಯುದ್ಧದಲ್ಲಿ ಆಗುವ ನಷ್ಟವೂ ಅರೆಯೇ?

ಇವರಿಬ್ಬರೂ ಹಿಂದೆ ಮಿತ್ರರು. 1778ರಲ್ಲಿ ಮೈತ್ರಿಯ ಒಪ್ಪಂದವಾಗಿತ್ತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಬ್ರಿಟಿಷರು ಶರಣಾದದ್ದಕ್ಕೆ ಫ್ರೆಂಚ್ ನೌಕಾಪಡೆ ಅವರ ಸಮುದ್ರದ ದಾರಿ ಕಟ್ಟಿಹಾಕಿದ್ದೂ ಮುಖ್ಯ ಕಾರಣ. ಆ ಸ್ನೇಹದ ನೆನಪಿಗೆ ಅಮೆರಿಕನ್ನರು ತಮ್ಮ ಯುದ್ಧನೌಕೆಯೊಂದಕ್ಕೆ ‘ಅಲಯನ್ಸ್’, ಅಂದರೆ ಮೈತ್ರಿ, ಎಂದೇ ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಬಂದಾಗ ಬೊಕ್ಕಸ ಬರಿದಾಗಿತ್ತು. ತಮ್ಮ ನೌಕಾಪಡೆಯಲ್ಲಿ ಉಳಿದಿದ್ದ ಆ ಕೊನೆಯ ಹಡಗನ್ನೂ 1785ರಲ್ಲಿ ಮಾರಿಬಿಟ್ಟರು.

ನಿಜವಾದ ಮೈತ್ರಿ ಮುರಿಯಲು ಇನ್ನಷ್ಟು ಕಾಲ ಹಿಡಿಯಿತು. 1793ರಲ್ಲಿ ಫ್ರೆಂಚರು ತಮ್ಮ ದೊರೆಯ ತಲೆ ಕಡಿದು ಬ್ರಿಟನ್ನಿನ ಮೇಲೆ ಯುದ್ಧ ಹೂಡಿದರು. ಅಮೆರಿಕ ತಾನು ತಟಸ್ಥವೆಂದಿತು. ಮರುವರ್ಷ ಬ್ರಿಟನ್ನಿನೊಡನೆಯೇ ಒಪ್ಪಂದ ಮಾಡಿಕೊಂಡಿತು. ಫ್ರಾನ್ಸಿಗೆ ಇದು ದ್ರೋಹವಾಗಿ ಕಂಡಿತು. ಅದರ ಪರವಾನಗಿ ಪಡೆದ ಖಾಸಗಿ ದಾಳಿಹಡಗುಗಳು ಒಂದು ವರ್ಷದೊಳಗೇ ಮುನ್ನೂರಕ್ಕೂ ಹೆಚ್ಚು ಅಮೆರಿಕನ್ ವ್ಯಾಪಾರಿ ಹಡಗುಗಳನ್ನು ಹಿಡಿದವು. ಸಂಧಾನಕ್ಕೆ ಪ್ಯಾರಿಸ್ಸಿಗೆ ಹೋದವರನ್ನು ವಿದೇಶಾಂಗ ಮಂತ್ರಿ ತಾಲೆರಾಂನ ಮಧ್ಯವರ್ತಿಗಳು ಮಾತು ಆರಂಭಿಸುವುದಕ್ಕೇ 50,000 ಪೌಂಡ್ ಲಂಚ ಕೇಳಿದರು. ಈ ಸುದ್ದಿ 1798ರಲ್ಲಿ ಬಯಲಾದಾಗ ಅಮೆರಿಕ ಕೆರಳಿತು. ಹಳೆಯ ಒಪ್ಪಂದಗಳು ರದ್ದಾದವು, ನೌಕಾಪಡೆ ಮತ್ತೆ ಹುಟ್ಟಿತು.

ಹೀಗೆ ಅವಸರದಲ್ಲಿ ಕೊಂಡ ಹಡಗುಗಳಲ್ಲಿ ‘ಗ್ಯಾಂಜಸ್’ ಎಂಬುದೂ ಒಂದು. ನಮ್ಮ ಗಂಗೆಯ ಹೆಸರು ಹೊತ್ತ ವ್ಯಾಪಾರಿ ಹಡಗು ಅದು. ಫಿರಂಗಿ ಕೂರಿಸಿ ಕಾದಾಟಕ್ಕೆ ಕಳಿಸಿದರು. 1799ರ ಮಾರ್ಚ್ 31ರಂದು ಫ್ರೆಂಚರು ‘ಎಲೈಜಾ’ ಎಂಬ ಅಮೆರಿಕನ್ ಹಡಗನ್ನು ಹಿಡಿದರು. ಏಪ್ರಿಲ್ 21ರಂದು ಗ್ಯಾಂಜಸ್ ಅದನ್ನು ಬಿಡಿಸಿತು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಬಿಡಿಸಿದ್ದಕ್ಕೆ ಇನಾಮು ಕೊಡಬೇಕಲ್ಲ? 1798ರ ಕಾನೂನು ಹಡಗು ಮತ್ತು ಸರಕಿನ ಬೆಲೆಯಲ್ಲಿ ಎಂಟನೇ ಒಂದು ಪಾಲು ಎಂದಿತ್ತು. 1799ರ ಕಾನೂನು, ‘ಶತ್ರು’ವಿನ ಕೈಯಲ್ಲಿ 96 ಗಂಟೆಗೂ ಹೆಚ್ಚು ಇದ್ದ ಹಡಗಾದರೆ ಅರ್ಧ ಎಂದಿತ್ತು. ಹಾಗಾದರೆ ಫ್ರಾನ್ಸ್ ಶತ್ರುವೇ? ಯುದ್ಧವನ್ನೇ ಸಾರಿಲ್ಲವಲ್ಲ ಎಂಬುದು ಎಲೈಜಾದವರ ವಾದ. 1800ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು: ಇದು ಪೂರ್ಣ ಯುದ್ಧವಲ್ಲ, ಆದರೂ ಯುದ್ಧವೇ, ಫ್ರಾನ್ಸ್ ಶತ್ರುವೇ. ಎಲೈಜಾದ ಅರ್ಧ ಹೋಯಿತು.

ಅದೇ ವರ್ಷ ಸೆಪ್ಟೆಂಬರ್ 30ರಂದು ಮೋರ್ತ್‌ಫೋಂತೇನಿನಲ್ಲಿ ಸಂಧಿಯಾಯಿತು. ಸಾರದೇ ಇದ್ದ ಯುದ್ಧವನ್ನು ನಿಲ್ಲಿಸುವುದು ಸುಲಭ ಎಂಬುದನ್ನು ನಾನು ಒಪ್ಪುತ್ತೇನೆ. ಯುದ್ಧ ಬೇಕೆಂದು ಕೂಗುತ್ತಿದ್ದ ಸ್ವಪಕ್ಷದವರನ್ನು ಎದುರು ಹಾಕಿಕೊಂಡು ಅಧ್ಯಕ್ಷ ಜಾನ್ ಆಡಮ್ಸ್ ಶಾಂತಿಯ ದಾರಿ ಹಿಡಿದರು, ಚುನಾವಣೆಯಲ್ಲಿ ಸೋತರು. ಮುಂದೆ ತಮ್ಮ ಗೋರಿಯ ಮೇಲೆ ಈ ಶಾಂತಿಯೊಂದನ್ನೇ ಬರೆದರೆ ಸಾಕೆಂದರು. ಅವರ ಮೇಲೆ ನನಗೆ ಗೌರವವಿದೆ.

ಆದರೆ ಸಂಧಿಯ ಲೆಕ್ಕ ಬೇರೆ. ಕೊನೆಗೆ ಕುದುರಿದ್ದು ಇಷ್ಟು: ಫ್ರಾನ್ಸ್ ಹಳೆಯ ಮೈತ್ರಿಯ ಹಕ್ಕನ್ನು ಬಿಟ್ಟಿತು, ಅಮೆರಿಕ ತನ್ನ ವರ್ತಕರ ನಷ್ಟಪರಿಹಾರದ ಹಕ್ಕನ್ನು ಬಿಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಹಡಗು ಕಳೆದುಕೊಂಡವರು ಅರ್ಜಿಯ ಮೇಲೆ ಅರ್ಜಿ ಹಾಕಿದರು. ವಿಚಾರಣೆಗೆ ಕಾನೂನು ಬಂದದ್ದು 1885ರಲ್ಲಿ. ಮರುವರ್ಷ ಇನ್ನೊಂದು ನ್ಯಾಯಾಲಯ ಹೇಳಿತು: ಅದು ಪೂರ್ಣ ಯುದ್ಧವಾಗಿರಲಿಲ್ಲ, ಆದ್ದರಿಂದ ವರ್ತಕರ ಹಕ್ಕು ಸತ್ತಿಲ್ಲ. ಹಕ್ಕೇನೋ ಬದುಕಿತ್ತು. ಅರ್ಜಿ ಹಾಕಿದ ವರ್ತಕರು ಮಾತ್ರ ಒಬ್ಬರೂ ಬದುಕಿರಲಿಲ್ಲ.